ಎದುರಿಗೆ ಕೂತವಳ ಬಳೆ

ಟೇಪಿನಲ್ಲಿ ಕೇಳಿಸಿದ್ದು ಸತ್ತ ನೀಲವ್ವನ ಬಳೆ. ಬೇರೆ ಏನೂ ಅಲ್ಲ. ದೆವ್ವ ಕಂಡೆ ಅಂದವರಿಗೆಲ್ಲ, ಪಿತ್ತ ಇಳಿಸಿಕೊಳ್ಳಿರಿ ಎಂದು ಹೇಳುತ್ತಿದ್ದವಳು ನಾನು. ಈಗಲೂ ದೆವ್ವವನ್ನು ನಂಬುವುದಿಲ್ಲ. ಆ ಬಳೆಗಳನ್ನು ಮಾತ್ರ ಇಲ್ಲ ಅನ್ನಲಾರೆ. ಮೂರನೇ ಇಯತ್ತೆಗೆ ಸಾಲೆ ಬಿಟ್ಟವಳು. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಎಂಬತ್ತರ ಸುಮಾರು. ನಾವು ಬೆಳಗಾವಿಯ ಹಿಂದವಾಡಿಯಲ್ಲಿದ್ದೆವು. ನನ್ನ ಸಣ್ಣ ಮಗ ಬಸು, ಅವನ ಗೆಳೆಯ ರಫೀಕ, ಮತ್ತಿಬ್ಬರು ಕೂಡಿ ರಾಕ್ ತಂಡ ಕಟ್ಟಿದ್ದರು. ಗಿಟಾರಿನ ಜೊತೆ ಸೈಕಲ್ ಗಾಲಿ, ತಗಡು, ಸಿಕ್ಕಿದ್ದನ್ನೆಲ್ಲ ಬಾರಿಸುವರು. ಮೊದಲ ಕ್ಯಾಸೆಟ್ಟು ಕೇಳಿದವರು ನಕ್ಕಿದ್ದರು. ಎರಡನೆಯದರ ಮೇಲೆ ಬಸು ಜೀವ ಇಟ್ಟಿದ್ದ. ಭತ್ತ ಬಿತ್ತುವುದರಿಂದ ರೊಟ್ಟಿ ಬಡಿಯುವವರೆಗೆ ಇಡೀ ಕ್ಯಾಸೆಟ್ಟು ಒಂದೇ ಹಾಡು. ಅದಕ್ಕೆ ಬೀಸುವ ಕಲ್ಲಿನ ಸದ್ದು ಬೇಕಿತ್ತು. ಕಲ್ಲು ಇದ್ದದ್ದು ಹಳ್ಳಿಯಲ್ಲಿ, ಗುಂಜಿಯ ನಮ್ಮ ಹಳೆಯ ಮನೆಯಲ್ಲಿ. ಟೇಪ್ ರೆಕಾರ್ಡರನ್ನು ಬೆಳಗಾವಿಯದೇ ಸದಾಶಿವನಗರದ ಒಬ್ಬರಿಂದ ಒಂದೇ ದಿನಕ್ಕೆ ಬೇಡಿ ತಂದಿದ್ದರು. ಸಂಜೆಯ ಗಾಡಿಗೆ ಅದು ಮರಳಿ ಹೋಗಬೇಕು.

ಇಬ್ಬರು ಎದುರುಬದುರು ಕೂತು ಎಳೆಯುವ ಕಲ್ಲು ಅದು. ಹಿಂದೆ ನನ್ನ ಎದುರಿಗೆ ಕೂಡುತ್ತಿದ್ದವಳು ಮೈದುನನ ಹೆಂಡತಿ ನೀಲವ್ವ. ಒಂದು ತುಪ್ಪದ ಗಡಿಗೆ ಒಡೆದದ್ದಕ್ಕೆ ನಮ್ಮಿಬ್ಬರ ಮಾತು ನಿಂತಿತು. ಎರಡು ವರ್ಷ ಮಾತಿಲ್ಲದೆ ಬೀಸಿದೆವು. ಆಮೇಲೆ ಅವಳು ಜ್ವರ ಬಂದು ಸತ್ತಳು. ಮುತ್ತೈದೆ ಎಂದು ಹಸಿರು ಬಳೆ ತೊಡಿಸಿ ಮಣ್ಣು ಮಾಡಿದೆವು. ತೊಡಿಸಿದವಳು ನಾನೇ.

ಆ ದಿನ ಹುಡುಗರ ಜೊತೆ ರೈಲಿನಲ್ಲಿ ಗುಂಜಿಗೆ ಹೋಗಿ, ಮಧ್ಯಾಹ್ನ ಒಬ್ಬಳೇ ಕೂತು ಅಕ್ಕಿ ಬೀಸಿದೆ. ಕಲ್ಲು ಹಗುರಾಗಿ ತಿರುಗಿತು. ಮೈಯಲ್ಲಿ ಇನ್ನೂ ಕಸುವಿದೆ ಎಂದುಕೊಂಡೆ. ಮುಗಿದ ಮೇಲೆ ಹುಡುಗರು ಟೇಪು ಹಚ್ಚಿದರು. ಕಲ್ಲಿನ ಗರಗರ, ಅದರೊಳಗೆ ಸುತ್ತಿಗೊಮ್ಮೆ ಗಾಜಿನ ಬಳೆಯ ಸದ್ದು. ನಾನು ಗಂಡ ಸತ್ತವಳು. ನನ್ನ ಕೈ ಬರಿದು.

ರಫೀಕ ನನ್ನ ಕೈಯನ್ನೇ ನೋಡಿದ. "ಅವ್ವಾರ, ನಿಮ್ಮ ಎದುರಿಗೆ ಯಾರ ಕುಂತಿದ್ರು?"

"ನಿಮ್ಮಜ್ಜಿ ಕುಂತಿದ್ಲು. ಕಣ್ಣ ಇದ್ದಿಲ್ಲೇನ ನಿನಗ?" ಎಂದು ಗದರಿದೆ. ಬರಿಗೈಯನ್ನು ಮಾತ್ರ ಸೆರಗಿನೊಳಗೆ ಎಳೆದುಕೊಂಡೆ.

ಬಸು ಟೇಪಿನ ಗುಂಡಿಯ ಮೇಲೆ ಬೆರಳಿಟ್ಟು ಕೂತಿದ್ದ. "ಅಳಸಿದ್ರ ಮತ್ತ ಹಿಡಿಯಾಕ ಹೊತ್ತಿಲ್ಲ, ಹಾಡ ಅರ್ಧಕ್ಕ ನಿಲ್ತೈತಿ. ಇಟ್ರ ನಿನಗ ತ್ರಾಸ. ನೀನ ಹೇಳ, ಯವ್ವಾ."

"ಅಳಸಬ್ಯಾಡ. ಇಬ್ರೂ ಬೀಸೇವಿ. ಇಬ್ಬರದೂ ಇರ್ಲಿ."

ಕ್ಯಾಸೆಟ್ಟಿನಲ್ಲಿ ಅದು ಈಗಲೂ ಇದೆ. ಹೇಗೆ ಬಂತೆಂದು ನನ್ನನ್ನು ಕೇಳಬೇಡಿರಿ, ನನಗೆ ಗೊತ್ತಿಲ್ಲ.

ಹುಡುಗರು ಸಂಜೆ ಗಾಡಿಗೆ ಹೋದರು. ನಾನು ಉಳಿದೆ. ಮರುದಿನ ಬೆಳಗ್ಗೆ ಮತ್ತೆ ಕಲ್ಲಿಗೆ ಅಕ್ಕಿ ಹಾಕಿ ಗೂಟ ಹಿಡಿದೆ. ಕಲ್ಲು ಅಲುಗಲಿಲ್ಲ.

"ಗಡಿಗಿ ಒಡದಾಕಿ ನಾನ, ನೀಲಾ. ನಿನ್ನ ಮ್ಯಾಲೆ ಹಾಕಿದ್ನಿ," ಎಂದೆ.

ಆಮೇಲೂ ಅಲುಗಲಿಲ್ಲ. ಅಕ್ಕಿಯನ್ನು ಗಂಟು ಕಟ್ಟಿಕೊಂಡು ಗಿರಣಿಗೆ ಹೋದೆ.