ತಗಡು ಬಿಚ್ಚಿದ ಮೇಲೆ

ಆ ಕಾರನ್ನು ನಮಗೆ ಮಾರಿದವನು ನನ್ನ ಒಡಹುಟ್ಟಿದ ಅಣ್ಣ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲವಾದರೆ ನನ್ನ ಸಿಟ್ಟು ಯಾರ ಮೇಲೆಂದು ನಿಮಗೆ ತಿಳಿಯಲಿಕ್ಕಿಲ್ಲ. ಎರಡು ಸಾವಿರದ ಇಸವಿಯ ಆಸುಪಾಸು. ಅಣ್ಣ ಖಾನಾಪುರ ತಾಲೂಕಿನ ಬೀಡಿ ಎಂಬ ಊರಿನಲ್ಲಿ ಹೊಲ ಮನೆ ನೋಡಿಕೊಂಡಿದ್ದ. ನಾವು ಬೆಳಗಾವಿಯ ವಡಗಾವಿಯಲ್ಲಿ, ದಿನವಿಡೀ ಮಗ್ಗದ ಸದ್ದು ಕೇಳುವ ಓಣಿಯಲ್ಲಿ ಬಾಡಿಗೆಗಿದ್ದೆವು. ನಮ್ಮ ಮನೆಯವರು ಬೇರೆ ಯಾವುದೋ ಹಳೆಯ ಕಾರು ನೋಡಿ ಬಂದಿದ್ದರು. ಅಣ್ಣ ತನ್ನ ಬಿಳಿ ಕಾರು ಕೊಡುತ್ತೇನೆಂದದ್ದೇ ತಡ, ನಾನು ಅವರ ಬೆನ್ನು ಹತ್ತಿದೆ.

"ಮಂದಿ ಗಾಡಿ ಯಾಕ ಬೇಕ್ರೀ? ನಮ್ಮಣ್ಣ ನಮಗ ಮೋಸ ಮಾಡ್ತಾನೇನು?" ಅಂದೆ. ಕೊಂಡೆವು.

ತಿಂಗಳಿಗೊಮ್ಮೆಯಾದರೂ ಅದರಲ್ಲಿ ಬೀಡಿಗೆ ಹೋಗಿಬರುವುದು ರೂಢಿಯಾಯಿತು. ಮನೆಯವರು ನಡೆಸುವುದು, ಮುಂದಿನ ಎಡ ಸೀಟಿನಲ್ಲಿ ನಾನು, ನನ್ನ ತೊಡೆಯ ಮೇಲೆ ಎಳೆಯ ಮಗಳು. ಹೀಗೆ ಹೋಗುವಾಗ ಒಮ್ಮೆ ಖಾನಾಪುರದ ಪೇಟೆಯಲ್ಲಿ ಹಿಂದೆ ಸರಿಯುತ್ತಿದ್ದ ಎತ್ತಿನ ಚಕ್ಕಡಿಯೊಂದು ನಮ್ಮ ಕಾರಿಗೆ ತಗುಲಿತು. ಮುಂದಿನ ಎಡಗಾಲಿಯ ಮೇಲಿನ ತಗಡು, ಫೆಂಡರ್ ಅನ್ನುತ್ತಾರಲ್ಲ ಅದು, ಮಡಚಿ ಹೋಯಿತು. ಚಕ್ಕಡಿಯವನು ನಮ್ಮನ್ನೇ ಮರಾಠಿಯಲ್ಲಿ ಬೈದು ಹೋದ. ಆ ಮಡಚಿದ ತಗಡಿನಲ್ಲೇ ಬೀಡಿಗೆ ಹೋಗಿ ಅಣ್ಣನಿಗೂ ತೋರಿಸಿ ಬಂದೆವು.

ಡೆಂಟಿಂಗ್ ಮಿಸ್ತ್ರಿ ಹೇಳಿದ ಮಜೂರಿ ಕೇಳಿ ನಮ್ಮ ಮನೆಯವರು ಹೌಹಾರಿದರು. ಅವರು ಕಚೇರಿಯೊಂದರಲ್ಲಿ ಲೆಕ್ಕ ಬರೆಯುವವರು. ಆದರೆ ಜಗತ್ತಿನಲ್ಲಿ ಬೋಲ್ಟು ಇರುವ ಯಾವ ವಸ್ತುವನ್ನಾದರೂ ತಾವು ಬಿಚ್ಚಬಲ್ಲೆವೆಂಬ ಭ್ರಮೆ. ಮಿಕ್ಸರ್ ರಿಪೇರಿ ಮಾಡಿ ಇಡೀ ಮನೆಯನ್ನು ಕತ್ತಲೆ ಮಾಡಿದ್ದು ಅವರಿಗೆ ಮರೆತೇ ಹೋಗಿತ್ತು.

"ಹಳೇದ ಬಿಚ್ಚೂದು, ಬ್ಯಾರೇದ ಕುಂದ್ರಸೂದು. ಇದಕ್ಕ ಅಷ್ಟ್ಯಾಕ ರೊಕ್ಕ ಕೊಡಬೇಕು?"

"ಬಿಚ್ಚಾಕ ನಿಮಗ ಚಲೋ ಬರ್ತದ. ಜೋಡಸಾಕ ಬರಬೇಕಲ್ರೀ," ಅಂದೆ.

ಕೇಳುವ ಜನ್ಮವೇ ಅಲ್ಲ ಅದು. ಗುಜರಿ ಅಂಗಡಿಗಳನ್ನೆಲ್ಲ ಅಲೆದು ಅಂಥದೇ ಒಂದು ಬಿಳಿಯ ಫೆಂಡರ್ ಹುಡುಕಿ ತಂದರು. ಭಾನುವಾರ ಬೆಳಿಗ್ಗೆ ಮನೆ ಮುಂದೆ ಗೋಣಿತಾಟು ಹಾಸಿ, ಬೋಲ್ಟು ಬಿಚ್ಚುವ ಪಾನಾ ಹಿಡಿದು ಕುಳಿತರು. ನಾನು ಕಟ್ಟೆಯ ಮೇಲೆ ಮೆಂತ್ಯಪಲ್ಲೆ ಸೋಸುತ್ತ ಚುಡಾಯಿಸುತ್ತಿದ್ದೆ. ಗಾಲಿ ಬಿಚ್ಚಿದರು. ತುಕ್ಕು ಹಿಡಿದ ಬೋಲ್ಟಿಗೆ ಎಣ್ಣೆ ಬಿಟ್ಟು, ಬೈದು, ಅಂತೂ ತಗಡನ್ನು ಕಿತ್ತು ತೆಗೆದರು.

"ಬಾ ಇಲ್ಲಿ," ಅಂದರು. ಆ ದನಿಗೆ ನಾನು ಪಲ್ಲೆ ಬಿಟ್ಟು ಎದ್ದೆ.

ತಗಡಿನ ಹಿಂದೆ ಕಾರಿನ ಮುಂದಿನ ಬಾಗಿಲು ತೂಗುವ ಕಂಬ ಕಾಣುತ್ತಿತ್ತು. ಮೇಲೆ ಬಿಳಿ, ಕೆಳಗೆ ನೀಲಿ. ನಡುವೆ ಗೋಡೆಗೆ ಗಿಲಾವು ಮಾಡಿದ ಹಾಗೆ ಮೆತ್ತಿದ ಪುಟ್ಟಿ. ಮನೆಯವರು ಸ್ಕ್ರೂಡ್ರೈವರಿನಿಂದ ಮೆಲ್ಲಗೆ ತಟ್ಟಿದರು. ಅಂಗೈಯಗಲದ ಹೆಂಟೆ ಕಳಚಿ ಬಿತ್ತು. ಒಳಗೆ ಕಬ್ಬಿಣವೇ ಇಲ್ಲ! ತುರುಕಿದ್ದ ಚಿಂದಿ ಬಟ್ಟೆ, ಅದರ ಮೇಲೆ ಪುಟ್ಟಿ, ಅದರ ಮೇಲೆ ಬಣ್ಣ. ಸ್ಕ್ರೂಡ್ರೈವರ್ ಹಿಡಿಕೆಯವರೆಗೂ ಸಲೀಸಾಗಿ ಒಳಗೆ ಹೋಯಿತು.

ಅದರ ಬಗಲಿಗೇ ನಾನು ಮಗಳನ್ನು ಕೂಡಿಸಿಕೊಂಡು ಕೂರುತ್ತಿದ್ದ ಸೀಟು. ನಾನು ಬಗ್ಗಿ ಆ ತೂತಿನೊಳಗೆ ಬೆರಳು ಹಾಕಿ ನೋಡಿದೆ.

ಮಜೂರಿ ಹೆಚ್ಚಾಯಿತೆಂದು ಬಿಟ್ಟು ಬಂದಿದ್ದ ಅದೇ ಮಿಸ್ತ್ರಿಯನ್ನು ಕರೆತಂದು ತೋರಿಸಿದೆವು. ಅವನು ಬಗ್ಗಿ ನೋಡಿ ನಾಲಿಗೆ ಲೊಚಗುಟ್ಟಿದ.

"ಇವು ಎರಡು ಗಾಡಿ ಅದಾವ್ರಿ ಅಕ್ಕಾರ. ಯಾವುದೋ ಆಕ್ಸಿಡೆಂಟ್ ಆದ ಗಾಡಿಗೆ ಇನ್ನೊಂದರ ಮುಂಭಾಗ ಕಡದು ಜೋಡಿಸ್ಯಾರ. ಈ ಕಡಿಂದ ಏನರ ಹೊಡೀತಂದ್ರ ತಡ್ಯಾಕ ಏನೂ ಇಲ್ರಿ."

"ನಿನ್ನ ಕಡೆ ಕೊಟ್ಟಿದ್ರ ಗೊತ್ತಾಗತಿತ್ತೇನಪಾ?" ಎಂದು ಕೇಳಿದೆ.

"ಎಲ್ಲಿ ಬಿಚ್ಚತಿದ್ನಿರಿ? ಹೊರಗಿಂದನ ಬಡದು, ಬಣ್ಣ ಹೊಡದು ಕೊಡತಿದ್ದೆ."

ಅಂದರೆ ರೊಕ್ಕ ಕೊಟ್ಟು ಮಾಡಿಸಿದ್ದರೆ ಅಂದವಾದ ಕಾರಿನಲ್ಲಿ ಏನೂ ತಿಳಿಯದೆ ಮಗಳೊಂದಿಗೆ ಕುಳಿತಿರುತ್ತಿದ್ದೆ. ನಮ್ಮ ಮನೆಯವರ ಜಿಪುಣತನಕ್ಕೆ ಕೈಮುಗಿಯುವ ದಿನ ಬರುತ್ತದೆಂದು ಕನಸಿನಲ್ಲೂ ಎಣಿಸಿರಲಿಲ್ಲ.

"ನಿಮ್ಮಣ್ಣಗೂ ಯಾರೋ ಟೊಪಗಿ ಹಾಕ್ಯಾರ ತಗೋ," ಎಂದರು ಅವರು, ನನ್ನ ಮುಖ ನೋಡಿ. ಅದೊಂದೇ ಮಾತಿಗೆ ನಾನು ಜೋತುಬಿದ್ದೆ. ಅಣ್ಣನಿಗೆ ಗೊತ್ತಿರಲಿಲ್ಲ, ಗೊತ್ತಿದ್ದರೆ ಕೊಡುತ್ತಿರಲಿಲ್ಲ. ಕೆಲಸ ಮಾಡುವಾಗಲೂ ಅದನ್ನೇ ಹೇಳಿಕೊಳ್ಳುತ್ತಿದ್ದೆ. ಆದರೂ ಅವನ ಮುಖ ನೋಡದೆ ನನಗೆ ಸಮಾಧಾನವಿರಲಿಲ್ಲ.

ಮುಂದಿನ ಭಾನುವಾರ ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಬೀಡಿಗೆ ಹೊರಟೆವು. ಗುಜರಿಯ ಫೆಂಡರ್ ಕೂಡಿಸಿದ ಮೇಲೆ ಒಳಗಿನದೇನೂ ಹೊರಗೆ ಕಾಣುತ್ತಿರಲಿಲ್ಲ. ಹಿಂದೆ ಕೂಡು ಎಂದು ಮನೆಯವರು ಎಷ್ಟು ಹೇಳಿದರೂ ನಾನು ಕೇಳಲಿಲ್ಲ, ಅಣ್ಣ ನೋಡಲಿ ಎಂದು ಹಟ ಹಿಡಿದು ನನ್ನ ಜಾಗದಲ್ಲೇ ಕುಳಿತೆ. ಖಾನಾಪುರ ದಾಟಿದ ಮೇಲೆ ಎಡಗಡೆ ಹಾಯುವ ಒಂದೊಂದು ಮರಕ್ಕೂ ನನ್ನ ಭುಜ ತಾನೇ ಮುದುಡುತ್ತಿತ್ತು.

ಅಣ್ಣ ಮನೆಯ ಮುಂದೆಯೇ ಇದ್ದ. ಎಡಬಾಗಿಲು ತೆರೆದು ಇಳಿದ ನನ್ನನ್ನು ನೋಡಿ ನಕ್ಕ.

"ಬಾರವ್ವ ತಂಗಿ. ಫೆಂಡರ್ ಭಾಳ ಚಲೋ ಕುಂತದ ನೋಡು. ಯಾರ ಕಡಿಂದ ಮಾಡಸಿದ್ರಿ?"

"ಒಬ್ಬ ಮಿಸ್ತ್ರಿ ಕಡಿಂದ," ಎಂದು ಸುಳ್ಳು ಹೇಳಿದೆ. ಮನೆಯವರು ನೆಲ ನೋಡಿದರು.

"ಚಲೋ ಆತು," ಅಂದ ಅಣ್ಣ.

ಅವನ ಮುಖದಲ್ಲಿ ಅಳುಕೇನೂ ಇರಲಿಲ್ಲ. ನನ್ನ ಎದೆ ಹಗುರಾಯಿತು. ಸುಮ್ಮನೆ ಒಡಹುಟ್ಟಿದವನ ಮೇಲೆ ಸಂಶಯ ಪಟ್ಟೆನಲ್ಲ ಎಂದು ನನ್ನನ್ನೇ ಬೈದುಕೊಂಡೆ. ಚಹಾ ಆಯಿತು. ಮನೆಯವರು ಎಲೆ ಅಡಿಕೆ ತರಲು ಪೇಟೆಯ ಕಡೆ ಹೊರಟು ಕಾರು ಚಾಲೂ ಮಾಡಿದರು. "ಮಾಮಾ, ನಾನೂ ಬರ್ತೇನಿ," ಎನ್ನುತ್ತ ಅಣ್ಣನ ಮಗಳು ಓಡಿಬಂದು ಮುಂದಿನ ಎಡ ಸೀಟಿನಲ್ಲಿ ಕುಳಿತಳು.

ಅಣ್ಣ ಕಟ್ಟೆಯಿಂದ ಹಾರಿದ. ಬಾಗಿಲು ತೆರೆದು ಅವಳ ತೋಳು ಹಿಡಿದು ಹೊರಗೆ ಎಳೆದ.

"ಅಲ್ಲಿ ಬ್ಯಾಡ. ಇಳಿ ಮೊದಲ, ಇಳಿ."

"ಯಾಕಪ್ಪಾ? ಅತ್ತಿ ಅಲ್ಲೇ ಕುಂದ್ರತಾಳಲಾ?"

ಆಗ ಅವನಿಗೆ ನಾನು ಮನೆಯ ಬಾಗಿಲಲ್ಲಿ ನಿಂತದ್ದು ಕಂಡಿತು. ಮಗಳ ತೋಳನ್ನು ಅವನು ಬಿಡಲೇ ಇಲ್ಲ.