ಹರಳೆಣ್ಣೆ ಹಚ್ಚಿದ ಕೊರಳಪಟ್ಟಿ

ಹೋದ ವಾರ ಮಗಳು ಕೂಸಿಗೆ ನೀರೆರೆದು ತಂದು, ನನ್ನ ತೊಡೆಯ ಮೇಲೆ ಮಲಗಿಸಿ, ಪೌಡರ್ ಡಬ್ಬಿ ಕೈಗಿತ್ತಳು. ಕೊರಳ ಸಂದಿಗೆ ಒಂದಿಷ್ಟು ಉದುರಿಸಿದ್ದೇ ತಡ, ಆ ವಾಸನೆಗೆ ನನಗೆ ಮೈಯೆಲ್ಲ ಉರಿದುಹೋಯಿತು. ಎಳೆಕೂಸಿನ ಪೌಡರಿಗೆ ಸಿಟ್ಟಾಗುವ ಮುದುಕ ಇಡೀ ಕೊಟ್ಟೂರಿನಲ್ಲಿ ನಾನೊಬ್ಬನೇ ಇರಬೇಕು. ಯಾಕೆಂದು ಹೇಳುತ್ತೇನೆ, ಕೇಳಿ.

ನೌಕರಿಯ ಕೊನೆಯ ವರ್ಷಗಳಲ್ಲಿ ನಾನು ಹಡಗಲಿ ಕಡೆಯ ಒಂದು ಕಚೇರಿಯಲ್ಲಿ ಉಗ್ರಾಣದ ಕೀಲಿ ಇಟ್ಟುಕೊಂಡವನು. ಯಾವ ಕಚೇರಿ ಅನ್ನುವುದು ಬೇಡ. ಹೊಳೆ ಬಂದಾಗ ಸಿಕ್ಕಿಬಿದ್ದವರನ್ನು ಕರೆತರಲು ನಮಗೊಂದು ರಬ್ಬರ್ ದೋಣಿ, ನಾಲ್ಕು ಹುಟ್ಟು, ನೀರಿಗಿಳಿಯುವವನಿಗೆ ಒಂದು ದಿರಿಸು ಬಂದಿದ್ದವು. ಅಂಗಾಲಿನಿಂದ ಕೊರಳವರೆಗೆ ಒಂದೇ ಆಗಿ ಹೊಲಿದ ದಿರಿಸು. ಕೊರಳಿಗೂ ಮಣಿಕಟ್ಟಿಗೂ ತೆಳ್ಳನೆಯ ರಬ್ಬರ್ ಪಟ್ಟಿ. ಆ ಪಟ್ಟಿ ಮೈಗೆ ಅಂಟಿ ಕೂತರೆ ಒಳಗೆ ಹನಿ ನೀರು ಬಾರದು. ಅದು ಹರಿದರೆ ದಿರಿಸು ನೀರಿನ ಕೊಡದ ಹಾಗೆ ತುಂಬಿ, ಒಳಗಿದ್ದವನನ್ನು ಕೆಳಗೆಳೆಯುತ್ತದೆ.

ಅದನ್ನು ತೊಡುತ್ತಿದ್ದವನು ಮಾಗಳದ ದುರುಗಪ್ಪ. ಹರಗೋಲಿನಲ್ಲೇ ಬೆಳೆದವನು, ನಮ್ಮಲ್ಲಿ ದಿನಗೂಲಿಯ ಮೇಲಿದ್ದ. ಎರಡು ದಿನದ ತರಬೇತಿಯಲ್ಲಿ ನಾವೆಲ್ಲ ಊಟ ಮಾಡಿದ್ದನ್ನು ನೆನಪಿಟ್ಟುಕೊಂಡೆವು, ಅವನೊಬ್ಬ ಅಲ್ಲಿ ಹೇಳಿಕೊಟ್ಟಿದ್ದನ್ನು ನೆನಪಿಟ್ಟುಕೊಂಡ. ಹೊಳೆಯಿಂದ ಬಂದ ಕೂಡಲೇ ದಿರಿಸನ್ನು ಬಾವಿಯ ನೀರಲ್ಲಿ ತೊಳೆಯುವನು. ಪಟ್ಟಿಗಳಿಗೆ ಕೂಸಿನ ಸೋಪು ಹಾಕಿ ಬೆರಳ ತುದಿಯಿಂದ ತಿಕ್ಕುವನು. ನೆರಳಲ್ಲಿ ಒಣಗಿಸಿ, ಕೂಸಿನ ಪೌಡರ್ ಸವರಿ, ಮಡಿಕೆ ಬೀಳದಂತೆ ತೂಗುಹಾಕುವನು. ತೊಡುವ ಮೊದಲು ಉಗುರು ತೆಗೆಯುವನು, ಉಂಗುರ ಬಿಚ್ಚುವನು. ತಲೆಗೆ ಎಣ್ಣೆ ಹಚ್ಚಿದ ದಿನವಂತೂ ಅದನ್ನು ಮುಟ್ಟುತ್ತಲೇ ಇರಲಿಲ್ಲ. ತೊಟ್ಟಿಲು ತರಿಸಲೇನು ಎಂದು ನಾನೇ ಎಷ್ಟೋ ಸಲ ಚೇಷ್ಟೆ ಮಾಡಿದ್ದೆ.

‘ಬಿಸಿಲು, ಎಣ್ಣಿ ಎರಡೂ ಇದಕ್ಕ ವಿಷ ಐತ್ರಿ ಸಾಹೇಬ್ರ,’ ಅನ್ನುತ್ತಿದ್ದ. ನಾನು ಹೂಂ ಅನ್ನುತ್ತಿದ್ದೆ. ಕಚೇರಿಯಲ್ಲಿ ಹೂಂ ಅಂದರೆ ಕೇಳಿಸಿಕೊಳ್ಳಲಿಲ್ಲ ಎಂದೇ ಅರ್ಥ.

ಆಮೇಲೊಂದು ದಿನ ಮೇಲಿನ ಸಾಹೇಬರು ಬರುತ್ತಾರೆಂದು ಫೋನ್ ಬಂತು. ಆಹಾ, ಆ ಸಡಗರ! ಕುಂಟುವ ಕುರ್ಚಿಗಳೆಲ್ಲ ಹಿತ್ತಲಿಗೆ ಹೋದವು, ಇದ್ದಬದ್ದ ಸಲಕರಣೆಯೆಲ್ಲ ಅಂಗಳದ ಮೇಜಿಗೆ ಬಂತು. ದುರುಗಪ್ಪ ಅಂದು ರಜೆಯಲ್ಲಿದ್ದ. ದಿರಿಸಿನ ಪಟ್ಟಿ ನೋಡಿದರೆ ಪೌಡರ್ ಮೆತ್ತಿ ಬೆಳ್ಳಗೆ, ಬೂದಿ ಬಳಿದಂತೆ ಕಾಣುತ್ತಿತ್ತು. ನಮ್ಮ ಸೀಮೆಯಲ್ಲಿ ಒಣಗಿದ್ದೇನು ಕಂಡರೂ ಮದ್ದು ಒಂದೇ, ಹರಳೆಣ್ಣೆ. ಕೂಸಿನ ನೆತ್ತಿಗೆ ಅದೇ, ಎತ್ತಿನ ಕೊಂಬಿಗೆ ಅದೇ, ಕಾಲಿನ ಮೆಟ್ಟಿಗೂ ಅದೇ. ಜವಾನನಿಗೆ ಹೇಳಿದರೆ ಅರೆಬರೆ ಮಾಡಿಯಾನು ಎಂದು ನಾನೇ ಕೂತು, ಮೂರೂ ಪಟ್ಟಿಗೆ ಕೈತುಂಬ ಎಣ್ಣೆ ತಿಕ್ಕಿದೆ. ಮಿರಮಿರ ಮಿಂಚಿತು. ಬೆಳಿಗ್ಗೆಯಿಂದ ಮೂರು ಗಂಟೆಯವರೆಗೆ ಬಿಸಿಲಲ್ಲಿ ಬಿದ್ದಿತ್ತು. ಸಾಹೇಬರು ಬಂದು, ಚೆನ್ನಾಗಿ ಇಟ್ಟಿದ್ದೀರಿ ಅಂದರು. ಫೋಟೊ ಆಯಿತು. ಮಡಚಿ ಪೆಟ್ಟಿಗೆಗೆ ಹಾಕಿ ಬೀಗ ಹಾಕಿದೆ.

ಇಪ್ಪತ್ತು ದಿನವೂ ಆಗಿರಲಿಲ್ಲ, ಹೊಳೆ ಬಂತು. ಮಾಗಳದ ಹತ್ತಿರ ನಡುಹೊಳೆಯ ಕಲ್ಲಿನ ಮೇಲೆ ಇಬ್ಬರು ಕುರಿಗಾಹಿಗಳು ಸಿಕ್ಕಿಕೊಂಡರು. ದೋಣಿ ಅಲ್ಲಿಗೆ ತಲುಪದು. ದುರುಗಪ್ಪ ದಿರಿಸು ತೊಟ್ಟು, ಹಗ್ಗ ಕಟ್ಟಿಕೊಂಡು ಈಜಿದ. ಇಬ್ಬರನ್ನೂ ಹಗ್ಗ ಹಿಡಿಸಿ ದೋಣಿಗೆ ಕಳಿಸಿದ. ತಾನು ಮರಳುವಾಗ ಕೊರಳಪಟ್ಟಿ ನೆನೆದ ಹಪ್ಪಳದಂತೆ ಹರಿದುಹೋಯಿತು. ನೀರು ತುಂಬಿದ ದಿರಿಸಿನ ಸಮೇತ ಅವನನ್ನು ಹಗ್ಗದಿಂದ ಎಳೆದು ಹಾಕಿದಾಗ ಉಸಿರಿತ್ತು ಅಷ್ಟೇ. ಬದುಕಿದ. ಆದರೆ ನಾಲ್ಕು ಸಲ ಹುಟ್ಟು ಹಾಕಿದರೆ ಇಂದಿಗೂ ಅವನಿಗೆ ಏದುಸಿರು.

ಇನ್ನು ಕೇಳಿ, ಅಸಲು ಅನ್ಯಾಯ ಇಲ್ಲಿದೆ. ವಿಚಾರಣೆ ನಡೆಯಿತು. ‘ಬಳಸುವವನ ನಿರ್ಲಕ್ಷ್ಯದಿಂದ ಸಲಕರಣೆ ಹಾಳಾಗಿದೆ’ ಎಂದು ಬರೆದು ಅವನನ್ನು ಕೆಲಸದಿಂದ ತೆಗೆದರು. ನಿರ್ಲಕ್ಷ್ಯವಂತೆ! ಉಗುರು ತಾಗೀತೆಂದು ಹೆದರುತ್ತಿದ್ದವನ ನಿರ್ಲಕ್ಷ್ಯ! ಹಾಗೆ ಬರೆದವರಾರೂ ಆ ಪಟ್ಟಿಯನ್ನು ಒಮ್ಮೆ ಮೂಸಿ ನೋಡಲಿಲ್ಲ. ಮಿಂಚಿದ್ದಕ್ಕೆ ಶಹಬಾಸ್ ಅಂದವರಂತೂ ಆ ಕಡೆ ತಲೆಯೇ ಹಾಕಲಿಲ್ಲ. ಕೆಳಗೆ ಉಗ್ರಾಣದವನ ರುಜು ಬೇಕಿತ್ತು. ಕೀಲಿ ಸೊಂಟದಲ್ಲಿಟ್ಟುಕೊಂಡೇ ರುಜು ಹಾಕಿದೆ. ಅವರ ಮೇಲಿನ ಸಿಟ್ಟು ಒಂದು ತೂಕವಾದರೆ ನನ್ನ ಮೇಲಿನದು ಹತ್ತು ತೂಕ. ನಾಚಿಕೆಗೆಟ್ಟ ಕೈ ಇದು.

ಹೋದ ವಾರ ಆ ಪೌಡರ್ ವಾಸನೆ ಬಂದ ದಿನ, ಕೂಸನ್ನು ಮಗಳ ಕೈಗೆ ಕೊಟ್ಟವನೇ ಹಡಗಲಿ ಬಸ್ಸು ಹತ್ತಿದೆ. ಅಲ್ಲಿಂದ ಮಾಗಳ. ದುರುಗಪ್ಪ ಮನೆ ಮುಂದೆ ಬಲೆ ಹೆಣೆಯುತ್ತಿದ್ದ. ‘ಬರ್ರಿ ಸಾಹೇಬ್ರ’ ಎಂದು ಎದ್ದು, ಆ ಎದ್ದದ್ದಕ್ಕೇ ಏದುಸಿರು ಬಿಟ್ಟ. ನಾನು ಕೂರಲಿಲ್ಲ. ನಿಂತೇ ಎಲ್ಲ ಹೇಳಿದೆ.

‘ಗೊತ್ತೈತ್ರಿ,’ ಅಂದ. ‘ಹಾಕ್ಕೊಳ್ಳೋ ಮುಂದನ ಎಣ್ಣಿ ವಾಸನಿ ಬಂತು. ಪಟ್ಟಿ ಕೈಗೆ ಅಂಟಾಕ ಹತ್ತಿತ್ತು.’

‘ಗೊತ್ತಿದ್ದೂ ಯಾಕ ಹಾಕ್ಕೊಂಡಿ?’

‘ಕಲ್ಲಿನ ಮ್ಯಾಲ ಇಬ್ರು ನಿಂತಿದ್ರಲ್ರಿ.’

ವಿಚಾರಣೆಯಲ್ಲಾದರೂ ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳಿದೆ. ಅವನು ಬಲೆಯ ಗಂಟು ಬಿಗಿಯುತ್ತ ಅಂದ: ‘ನೀವು ಹೇಳ್ತೀರಿ ಅಂತ ಕಾದೆ.’

ಊರಿಗೆ ಬಂದವನೇ ಕಚೇರಿಗೆ ಪತ್ರ ಬರೆದೆ. ಎಣ್ಣೆ ಹಚ್ಚಿದವನು ನಾನು, ಸುಳ್ಳಿಗೆ ರುಜು ಹಾಕಿದವನೂ ನಾನು ಎಂದು. ಉತ್ತರ ಬಂದಿಲ್ಲ. ಬರದಿದ್ದರೆ ನಾನೇ ಹೋಗಿ ಮೇಜಿನ ಮುಂದೆ ನಿಲ್ಲುವವನಿದ್ದೇನೆ.

ಈಗಲೂ ಬೆಳಿಗ್ಗೆ ಕೂಸಿನ ನೆತ್ತಿಗೆ ಹರಳೆಣ್ಣೆ ಹಚ್ಚುವುದು ನನ್ನ ಕೆಲಸವೇ. ಪೌಡರ್ ಡಬ್ಬಿ ಮುಟ್ಟುವ ಮೊದಲು ಎರಡು ಸಲ ಸೋಪು ಹಾಕಿ ಕೈ ತೊಳೆದು ಮೂಸಿ ನೋಡಿಕೊಳ್ಳುತ್ತೇನೆ. ‘ಎಣ್ಣಿ ಕೈ ತಾಕಿದ್ರ ಕೂಸಿಗೇನೂ ಆಗಂಗಿಲ್ಲ ಬಿಡಪ್ಪ’ ಎಂದು ಮಗಳು ನಗುತ್ತಾಳೆ. ಅವಳಿಗೆ ನಾನಿನ್ನೂ ಇದನ್ನು ಹೇಳಿಲ್ಲ. ಇದನ್ನು ಓದಿ ತಿಳಿಯಲಿ.