ರಾಗೀನೂ ದ್ರವ ಏನ್ರಿ ಅಕ್ಕೋರೆ?

ನಮಗೆ ಕಲಿಸುತ್ತಿದ್ದ ಅಕ್ಕೋರ ಸೀರೆಯ ನೆರಿಗೆ ಸದಾ ಒದ್ದೆ. ಜಗಳೂರಿನ ಬಿಸಿಲಿಗೆ ಅದು ಒಣಗುವಷ್ಟರಲ್ಲಿ ಮತ್ತೊಂದು ಪಾಠ ಶುರುವಾಗಿ, ಚೊಂಬಿನಿಂದ ಲೋಟಕ್ಕೆ, ಲೋಟದಿಂದ ಬಟ್ಟಲಿಗೆ ನೀರು ಸುರಿಯುತ್ತ ಪುನಃ ನೆನೆಸಿಕೊಳ್ಳುತ್ತಿದ್ದರು. ಎಪ್ಪತ್ತರ ದಶಕದ ನಮ್ಮ ಮೂರನೇ ಕ್ಲಾಸಿಗೆ ಅವರ ಅಡುಗೆಮನೆಯ ಪಾತ್ರೆಗಳೇ ಪ್ರಯೋಗಶಾಲೆ.

ಹೊರಗೆ ಕರೆದೊಯ್ದು ನಮ್ಮನ್ನೇ ಕಣಗಳಾಗಿಸಿ ಆಟ ಆಡಿಸುತ್ತಿದ್ದರು: ಒತ್ತಾಗಿ ಅಲ್ಲಾಡದೆ ನಿಂತರೆ ನಾವು ಘನ, ಒಬ್ಬರಿಗೊಬ್ಬರು ತಾಕುತ್ತ ಸರಿದಾಡಿದರೆ ದ್ರವ, ಮೈದಾನದ ತುಂಬ ಓಡಿದರೆ ಅನಿಲ. ಎಲ್ಲರಿಗೂ ಅನಿಲವಾಗುವ ಆಸೆ. "ಸಾಕು ಬರ್ರೋ, ಇನ್ನ ನೀರಾಗ್ರೋ!" ಎಂದು ಅಕ್ಕೋರು ಕೂಗಿ ಕೂಗಿ ಸೋಲುತ್ತಿದ್ದರು.

ಆ ವರ್ಷ ತಮ್ಮ ಹುಟ್ಟಿದ. ಅವ್ವ ಹೊಲಕ್ಕೆ ಹೋದರೆ ಅವನನ್ನು ನೋಡಿಕೊಳ್ಳಲು ನನ್ನನ್ನು ಶಾಲೆ ಬಿಡಿಸುವುದೆಂದು ಮನೆಯಲ್ಲಿ ತೀರ್ಮಾನವಾಯಿತು. ಅಪ್ಪ ಶಾಲೆಯ ಬಾಗಿಲಿಗೆ ಬಂದು ಅದನ್ನು ತಿಳಿಸಿದಾಗ ಅಕ್ಕೋರು, ಪಾಠ ಮುಗಿಯುವವರೆಗೆ ನಿಲ್ಲಿರೆಂದು ಹೇಳಿ, ಪಾತ್ರೆಯ ಆಕಾರ ತಳೆಯುವುದೇ ದ್ರವ ಎಂದು ಪಾಠ ಮುಂದುವರಿಸಿದರು. ನನ್ನ ಬಾಯಿ ಸುಮ್ಮನಿರಬೇಕಲ್ಲ.

"ಹಂಗಾದ್ರೆ ರಾಗೀನೂ ದ್ರವ ಏನ್ರಿ ಅಕ್ಕೋರೆ? ಸೇರಿಗೆ ಸುರಿದ್ರೆ ಸೇರಿನಂಗೇ ಆಗ್ತೈತೆ."

ಕ್ಲಾಸು ಗೊಳ್ಳೆಂದಿತು. ಅಪ್ಪನ ಮುಖ ಸಪ್ಪಗಾಯಿತು. ಅಕ್ಕೋರು ಮಾತ್ರ ನಗಲಿಲ್ಲ. ಪಕ್ಕದ ಮನೆಯಿಂದ ಒಂದು ಬೊಗಸೆ ರಾಗಿ ತರಿಸಿ, ನನ್ನ ಕೈಯಿಂದಲೇ ತಟ್ಟೆಗೆ ಸುರಿಸಿದರು. ರಾಗಿ ಗುಪ್ಪೆಯಾಗಿ ನಿಂತಿತು. ಇನ್ನೊಂದು ತಟ್ಟೆಗೆ ನೀರು ಸುರಿಸಿದರು. ಅದು ಹರಡಿಕೊಂಡಿತು.

"ನೋಡಿದೇನು? ನೀರು ಗುಪ್ಪೆ ನಿಲ್ಲಲ್ಲ. ರಾಗೀದು ಒಂದೊಂದು ಕಾಳೂ ಪುಟ್ಟ ಕಲ್ಲಿದ್ದಂಗೆ, ಘನಾನೇ," ಎಂದವರು ಅಪ್ಪನ ಕಡೆ ತಿರುಗಿದರು. "ಇದನ್ನ ಹೇಳಾಕೆ ನಾನೇ ಮರೆತಿದ್ದೆ, ನಿಮ್ಮ ಹುಡುಗಿ ಹೇಳಿಸಿದ್ಲು. ಇಂಥವಳ್ನ ಬಿಡಿಸಬ್ಯಾಡ್ರಿ. ಬೇಕಾದ್ರೆ ಕೂಸನ್ನೂ ಎತ್ಕೊಂಡು ಬರ್ಲಿ."

ಅಪ್ಪ ತಲೆ ಕೆರೆದುಕೊಂಡು, "ಆಯ್ತು ಬಿಡ್ರಿ," ಎಂದ. ಮರುದಿನದಿಂದ ತಮ್ಮ ಅಕ್ಕೋರ ಕುರ್ಚಿಯ ಪಕ್ಕದಲ್ಲೇ ಮಲಗುತ್ತಿದ್ದ. ಅವನು ಉಚ್ಚೆ ಹೊಯ್ದರೆ, "ಇದು ಯಾವ ಸ್ಥಿತಿ ಹೇಳ್ರೋ?" ಎಂದು ಕೇಳಿ ಇಡೀ ಕ್ಲಾಸನ್ನು ನಗಿಸುತ್ತಿದ್ದರು. ಅಂಥ ತಾಯಿ ಅವರು.

ಮುಂದೆ ಅವರಿಗೆ ಹೊನ್ನಾಳಿಗೆ ವರ್ಗವಾಯಿತು. ಎಂಬತ್ತರ ದಶಕದಲ್ಲಿ ಅಲ್ಲೇ ತೀರಿಕೊಂಡರು. ನಾನಾಗ ಶಿಕ್ಷಕರ ತರಬೇತಿಯ ಪರೀಕ್ಷೆ ಬರೆಯುತ್ತ ದೂರದ ಊರಿನಲ್ಲಿದ್ದೆ. ಪರೀಕ್ಷೆ ಮುಗಿಸಿ ಮನೆಗೆ ಬಂದ ಮೇಲೆ ಅಪ್ಪ ಸುದ್ದಿ ತಿಳಿಸಿದ. ನನಗೇಕೆ ಆಗಲೇ ಹೇಳಿ ಕಳಿಸಲಿಲ್ಲವೆಂದು ಅಳುತ್ತ ಜಗಳವಾಡಿದೆ.

"ಪರೀಕ್ಷೆ ಬಿಡಿಸಿ ಕರೆಸಿದ್ರೆ ಅಕ್ಕೋರು ನನ್ನ ಸುಮ್ನೆ ಬಿಡ್ತಿದ್ರೇನವ್ವ?" ಎಂದ ಅಪ್ಪ. "ನಾನು ಹೋಗಿದ್ದೆ. ಹೆಗಲು ಕೊಟ್ಟು ಬಂದೀನಿ."